ಮೈಲುತುತ್ತು ಎಲ್ಲಿಗೆ ಹೋಗುತ್ತದೆ?



ರಾಸಾಯನಿಕ ಬಂಧದ ಕುರಿತು ಮಾತನಾಡಬೇಕೆಂದು ಸಂಘಟಕರು ಸೂಚಿಸಿದಾಗ, ಪಠ್ಯಪುಸ್ತಕದ ಅಡುಗೆ ಉಪ್ಪನ್ನು ಬಿಟ್ಟು ನಮ್ಮ ಅಡಿಕೆ ತೋಟದ ಬೋರ್ಡೋ ದ್ರಾವಣವನ್ನೇ ಆರಿಸಿಕೊಂಡೆ. ದ್ರಾಕ್ಷಿಯ ಬೂಜುರೋಗಕ್ಕೆ ಈ ಮದ್ದನ್ನು 1885ರಲ್ಲಿ ಜಗತ್ತಿಗೆ ತಿಳಿಸಿದವನು ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲಾರ್ದೆ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ, 1910ರ ಸುಮಾರಿಗೆ ಇದನ್ನು ನಮ್ಮ ಕಡೆಗೆ ತಂದರು. ಶತಮಾನ ಕಳೆದರೂ ಮಳೆಗಾಲದಲ್ಲಿ ಮದ್ದು ಹೊಡೆಯುವುದು ನಿಂತಿಲ್ಲ.

ಮೈಲುತುತ್ತಿನ ಹರಳಿನಲ್ಲಿ ತಾಮ್ರಕ್ಕೆ ಧನ ಆವೇಶವಿದೆ, ಸಲ್ಫೇಟಿಗೆ ಋಣ ಆವೇಶ. ಇವುಗಳ ಸೆಳೆತವೇ ಅಯಾನಿಕ ಬಂಧ. ನೀರಿಗೆ ಹಾಕಿದೊಡನೆ ಅದು ಸಡಿಲುತ್ತದೆ. ಏಕೆಂದರೆ ನೀರಿನ ಅಣುವಿನ ಆಮ್ಲಜನಕದ ತುದಿಯಲ್ಲಿ ಅಲ್ಪ ಋಣಾಂಶವಿದ್ದು, ಅಂಥ ಹಲವು ಅಣುಗಳು ತಾಮ್ರವನ್ನು ಸುತ್ತುವರಿಯುತ್ತವೆ. ನೀಲಿ ಬಣ್ಣಕ್ಕೆ ಈ ಸುತ್ತುವರಿದ ನೀರೇ ಕಾರಣ. ಪ್ರಯೋಗಾಲಯದಲ್ಲಿ ಹರಳನ್ನು ಕಾಯಿಸಿ ನೋಡಿ, ನೀರು ಹೋಗಿ ಬಿಳಿಯ ಪುಡಿ ಉಳಿಯುತ್ತದೆ.

ಈ ಕರಗಿದ ತಾಮ್ರವನ್ನು ಹಾಗೆಯೇ ಸಿಂಪಡಿಸಿದರೆ ಎಳೆಗಾಯಿ ಸುಡುತ್ತದೆ. ಸುಣ್ಣ ಬೆರೆಸಿದಾಗ ತಾಮ್ರವು ಕರಗದ ತಿಳಿನೀಲಿ ಮಡ್ಡಿಯಾಗಿ ನಿಲ್ಲುತ್ತದೆ. ಹಿರಿಯರು ಕತ್ತಿಯ ಅಲಗನ್ನು ಅದ್ದಿ ನೋಡುವುದು ಇದನ್ನೇ: ಅಲಗು ಕೆಂಪಾದರೆ ಕರಗಿದ ತಾಮ್ರ ಇನ್ನೂ ಉಳಿದಿದೆ, ಸುಣ್ಣ ಸಾಲದು. ಇದಕ್ಕಿಂತ ಅಗ್ಗದ, ನಂಬಿಗಸ್ತ ರಸಾಯನ ಪರೀಕ್ಷೆ ನನಗಂತೂ ತಿಳಿಯದು.

ಕಾಯಿಯ ಮೇಲೆ ಕೆಲಸ ಮಾಡುವುದು ಅಣುವಿನೊಳಗಿನ ಬಂಧವಲ್ಲ, ಅಣು ಅಣುಗಳ ನಡುವಿನ ದುರ್ಬಲ ಸೆಳೆತ. ನೀರಿನ ಅಣುಗಳು ಜಲಜನಕ ಬಂಧದಿಂದ ಪರಸ್ಪರ ಹಿಡಿದುಕೊಂಡಿರುತ್ತವೆ. ಕಾಯಿಯ ಮೇಣದ ಕಡೆಗೆ ಅವುಗಳಿಗೆ ಅಷ್ಟು ಒಲವಿಲ್ಲ. ಆದ್ದರಿಂದ ಹನಿ ಗುಂಡಗಾಗಿ ಜಾರುತ್ತದೆ. ರಾಳದ ಅಂಟಿನ ಅಣುವಿಗೆ ಒಂದು ತುದಿ ನೀರಿಗೊಲಿಯುವಂಥದು, ಇನ್ನೊಂದು ಮೇಣಕ್ಕೊಲಿಯುವಂಥದು. ಅದು ಎರಡನ್ನೂ ಕೂಡಿಸುತ್ತದೆ.

ಇಷ್ಟಾದರೂ ಮಲೆನಾಡಿನ ಮಳೆ ಮದ್ದನ್ನು ತೊಳೆದು ಬುಡಕ್ಕಿಳಿಸುತ್ತದೆ. ಇಲ್ಲಿಂದ ಮುಂದಿನ ಕಥೆಯನ್ನು ನಾವು ಕೇಳಿದ್ದು ಕಡಿಮೆ. ಇಂಗಾಲದ ಅಣುಗಳಿಂದಾದ ಕೀಟನಾಶಕ ಎಷ್ಟೇ ಘೋರವಾಗಿರಲಿ, ಬಿಸಿಲು, ನೀರು, ಸೂಕ್ಷ್ಮಜೀವಿಗಳು ಅದರ ಬಂಧಗಳನ್ನು ನಿಧಾನವಾಗಿಯಾದರೂ ಮುರಿಯುತ್ತವೆ. ತಾಮ್ರವಾದರೋ ಮೂಲವಸ್ತು. ಅದು ಜೊತೆಗಾರರನ್ನು ಬದಲಿಸೀತೇ ಹೊರತು ತಾನು ಅಳಿಯದು. ಸೊಪ್ಪು, ಗೊಬ್ಬರ ಕೊಳೆತ ಮಣ್ಣಿನಲ್ಲಿರುವ ಆಮ್ಲಜನಕದ ತುದಿಗಳು, ಏಡಿ ತನ್ನ ಇಕ್ಕುಳಗಳಿಂದ ಹಿಡಿಯುವಂತೆ, ತಾಮ್ರವನ್ನು ಎರಡು ಮೂರು ಕಡೆಯಿಂದ ಹಿಡಿಯುತ್ತವೆ. ಹಳ್ಳ, ಬಾವಿಗಳಿಗೆ ಇದು ರಕ್ಷೆ. ಆದರೆ ಎರೆಹುಳುಗಳೂ ಉಪಕಾರಿ ಶಿಲೀಂಧ್ರಗಳೂ ಬಾಳುವ ಮೇಲ್ಮಣ್ಣಿನಲ್ಲೇ ತಾಮ್ರ ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತದೆ. ಮಣ್ಣು ಹುಳಿಯಾದಷ್ಟೂ ಈ ಹಿಡಿತ ಸಡಿಲ. ಮಳೆಯಲ್ಲಿ ತೊಳೆದ ನಮ್ಮ ಮಣ್ಣು ಹುಳಿಯೇ.

ಒಂದು ಕಿಲೋ ಮೈಲುತುತ್ತಿನಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಐರೋಪ್ಯ ಒಕ್ಕೂಟವು 2019ರಿಂದ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರದ ಮಿತಿ ಹಾಕಿತು. ಮೈಲುತುತ್ತಿನ ಲೆಕ್ಕದಲ್ಲಿ ಅದು ಎಕರೆಗೆ ವರ್ಷಕ್ಕೆ ಸುಮಾರು ಆರೂವರೆ ಕಿಲೋ. ಅಲ್ಲಿನ ಮಣ್ಣು ಬೇರೆ, ಮಳೆ ಬೇರೆ. ಆ ಅಂಕಿಯನ್ನು ಕಣ್ಣುಮುಚ್ಚಿ ಒಪ್ಪಬೇಕೆಂದು ನಾನು ಹೇಳಲಾರೆ. ಕೊಳೆ ಬಂದು ಫಸಲು ಉದುರಿದ ಮನೆಯ ಕಷ್ಟವನ್ನು ಬಲ್ಲವರು ಮದ್ದು ಬಿಡಿ ಎಂದು ಸುಲಭವಾಗಿ ಉಪದೇಶಿಸಲಾರರು. ಆದರೂ ತಮ್ಮ ತೋಟಕ್ಕೆ ಎಕರೆಗೆ ಎಷ್ಟು ಬಿದ್ದಿದೆಯೆಂದು ಹಳೆಯ ಅಂಗಡಿ ಚೀಟಿಗಳಿಂದ ಲೆಕ್ಕ ಹಾಕಿನೋಡಿ. ಮಣ್ಣು ಪರೀಕ್ಷೆಗೆ ಕೊಡುವಾಗ ಹುಳಿಯ ಜೊತೆಗೆ ತಾಮ್ರವನ್ನೂ ಅಳೆಯಲು ಕೇಳಿ. ಬಸಿಗಾಲುವೆ ಹೂಳೆತ್ತಿದ ತೋಟದಲ್ಲಿ, ಕೊನೆಗೆ ಕೊಟ್ಟೆ ಕಟ್ಟಿದ ಮರಗಳಲ್ಲಿ, ಒಂದು ಸಿಂಪಡಣೆ ಕಡಿಮೆ ಮಾಡಬಹುದೇ ಎಂದು ನಾಲ್ಕು ಮರಗಳಲ್ಲಾದರೂ ಪ್ರಯೋಗ ನಡೆಯಲಿ. ಮದ್ದಿನ ಡ್ರಮ್ಮನ್ನಂತೂ ಹಳ್ಳದಲ್ಲಿ ತೊಳೆಯುವುದು ಬೇಡ. ಅಲ್ಲಿ ತಾಮ್ರವನ್ನು ಹಿಡಿದಿಡುವ ಮಣ್ಣಿಲ್ಲ, ಮೀನು ಪಾಚಿಗಳಿಗೆ ಅದು ನೇರವಾಗಿ ತಗಲುತ್ತದೆ.