ಬೆಲ್ಲ ನೀರು

(ಅನುಭಾವ ಗೋಷ್ಠಿಯಲ್ಲಿ ಮಾಡಿದ ಭಾಷಣ)

ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡಲು ನಾನು ವೈದ್ಯನಲ್ಲ. ರಸ್ತೆ, ಸೇತುವೆ ಕಟ್ಟಿಸಿದ ನಿವೃತ್ತ ಎಂಜಿನಿಯರ್. ಆದರೆ 27 ವರ್ಷದ ರೋಗಿ.

1998ರಲ್ಲಿ ಪುತ್ತೂರಿನಲ್ಲಿ ಕೆಲಸ. ಸುಳ್ಯದ ಕಡೆಗೂ ಓಡಾಟ. ಕಡಬ ಆಗ ಪುತ್ತೂರು ತಾಲ್ಲೂಕಿಗೇ ಸೇರಿತ್ತು. ಆ ವರ್ಷವೇ ಕಾಯಿಲೆ ಗೊತ್ತಾಯಿತು. 38ಕ್ಕೇ ರೋಗಿ ಅನ್ನಿಸಿಕೊಳ್ಳುವ ನಾಚಿಕೆಗೆ ಕಚೇರಿಯಲ್ಲಿ ಹಾಗಿರಲಿ, ಮನೆಯಲ್ಲೂ ಹೇಳಲಿಲ್ಲ. ಗುಳಿಗೆ ಕದ್ದು ನುಂಗುತ್ತಿದ್ದೆ. ಪ್ರಸಾದ ಬೇಡವೆನ್ನಬಾರದೆಂದು ದಾಸೋಹದಲ್ಲಿ ಬಡಿಸಿದಷ್ಟೂ ಹುಗ್ಗಿ ತಿನ್ನುತ್ತಿದ್ದೆ. ರಾತ್ರಿ ಕಾಲು ಕತ್ತರಿಸಿದ ಹಾಗೆ ಕನಸು. ಅಳತೆ ಪುಸ್ತಕದಲ್ಲಿ ಒಂದಂಗುಲ ಸುಳ್ಳಿದ್ದರೂ ಗುತ್ತಿಗೆದಾರನನ್ನು ಬಿಡದವನು ನಾನು!

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಬಸವ ಜಯಂತಿಗೆ ಸಮಾನತೆಯ ಭಾಷಣ ಮಾಡುತ್ತಿದ್ದ ನಾನು ಸೈಟಿಗೆ ಮನೆಯಿಂದಲೇ ನೀರಿನ ಕ್ಯಾನ್ ಒಯ್ಯುತ್ತಿದ್ದೆ. ಅಲ್ಲಿಯ ನೀರು ಕೆಟ್ಟದ್ದೆಂದಲ್ಲ. ಕೂಲಿಯವರು ಯಾವ ಕೇರಿಯವರೆಂದು ಗೊತ್ತಿತ್ತು, ಅಷ್ಟೇ.

ಒಂದು ಮಧ್ಯಾಹ್ನ ಕುಮಾರಧಾರೆಯ ಬದಿಯಲ್ಲಿ ಕೆಲಸ ನೋಡುತ್ತಿದ್ದೆ. ಗುಳಿಗೆ ನುಂಗಿಯಾಗಿತ್ತು, ಊಟ ತಡವಾಯಿತು. ಮೈಯೆಲ್ಲ ಬೆವರು, ಕೈ ನಡುಕ, ಕಣ್ಣು ಮಂಜು. ಕಲ್ಲು ಹೊರುತ್ತಿದ್ದ ತಾಯಿಯೊಬ್ಬರು ಹಿಡಿದು ತಮ್ಮ ಮನೆಯ ಜಗಲಿಯಲ್ಲಿ ಕೂರಿಸಿದರು. ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ಆ ಸೀಮೆಯ ರೂಢಿ. ಅವರು ಬೆಲ್ಲ ಕರಗಿಸಿಯೇ ಕುಡಿಸಿದರು. "ಶುಗರ್ ಉಂಟಲ್ಲ ಸಾರ್? ನನ್ನ ಅಣ್ಣನಿಗೂ ಹೀಗೇ ಆಗ್ತದೆ" ಅಂದರು. ನಾನು ಮುಚ್ಚಿಟ್ಟದ್ದನ್ನು ಮೊದಲು ಕಂಡುಹಿಡಿದವರು ಅವರೇ. ಕಾಲು ಗಂಟೆಯಲ್ಲಿ ಕಣ್ಣು ತಿಳಿಯಾಯಿತು. ಆಗ ಅವರು ಅಂಜುತ್ತ ಕೇಳಿದರು: "ನಮ್ಮ ಲೋಟದಲ್ಲಿ ಕುಡಿದಿರಿ, ತೊಂದರೆ ಇಲ್ಲವಾ ಸಾರ್?"

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಕ್ಯಾನಿನ ಅರ್ಥ ಅವರಿಗೆಲ್ಲ ಮೊದಲಿನಿಂದಲೂ ತಿಳಿದಿತ್ತು.

ಅಂದು ರಾತ್ರಿ ಮನೆಯವರಿಗೆ ಎಲ್ಲ ಹೇಳಿದೆ. ಮರುದಿನದಿಂದ ಕ್ಯಾನ್ ಬಿಟ್ಟೆ.

ಕಷ್ಟವಲ್ಲ, ಕಷ್ಟದೊಡನೆ ಸೆಣಸುವುದೇ ಮನಸ್ಸನ್ನು ಬೆಳೆಸಬಲ್ಲದು ಎನ್ನುತ್ತಾರೆ ಅಮೆರಿಕದ ಮನೋವಿಜ್ಞಾನಿಗಳಾದ ಟೆಡೆಸ್ಕಿ ಮತ್ತು ಕ್ಯಾಲ್‌ಹೂನ್. ಆ ಬೆಳವಣಿಗೆಯನ್ನು ಅಳೆಯಲು 1996ರಲ್ಲಿ ಪ್ರಶ್ನಾವಳಿಯನ್ನೇ ಪ್ರಕಟಿಸಿದರು. ಇತರರೊಡನೆ ಸಂಬಂಧ ಗಾಢವಾಗುವುದು ಅದರ ಐದು ಅಂಶಗಳಲ್ಲೊಂದು. ನನ್ನದನ್ನು ಬೆಳವಣಿಗೆ ಎನ್ನಲು ಸಂಕೋಚ. ಸೆಣಸಿದ್ದಕ್ಕಿಂತ ಸಿಕ್ಕಿಬಿದ್ದದ್ದೇ ಹೆಚ್ಚು. ಕಾಯಿಲೆ ಹೋಗಿಲ್ಲ, ಈಗ ಇನ್ಸುಲಿನ್. ಕಾಲಿನ ಕನಸು ಈಗಲೂ ಒಮ್ಮೊಮ್ಮೆ ಬೀಳುತ್ತದೆ. ಬೆಳಿಗ್ಗೆ ಎದ್ದು ಹೆಂಡತಿಗೆ ಹೇಳುತ್ತೇನೆ.

ದಾಸೋಹದಲ್ಲಿ ಹುಗ್ಗಿ ಬಂದರೆ "ಒಂದು ಚಮಚ ಸಾಕು, ನನಗೆ ಸಕ್ಕರೆ ಕಾಯಿಲೆ" ಎಂದು ಗಟ್ಟಿಯಾಗಿಯೇ ಹೇಳುತ್ತೇನೆ. ಪಂಕ್ತಿಯಲ್ಲಿ ಇನ್ನಿಬ್ಬರಾದರೂ "ನಮಗೂ ಅಷ್ಟೇ ಹಾಕ್ರಿ" ಅನ್ನುತ್ತಾರೆ.