ತಿಂಗಳಿಗೊಮ್ಮೆ ನಡಿಗೆ, ಜೊತೆಗೆ ಬುತ್ತಿ ಊಟ



‘ದಿನಾ ಹೊಲದಾಗೆ ನಡೀತೀವಲ್ಲ, ಮತ್ಯಾಕೆ ನಡಿಗೆ ಸಿಸ್ಟರ್?’ ಅಂತ ಕೇಳ್ತೀರಿ. ತಲೆ ಮೇಲೆ ಹೊರೆ ಇಲ್ಲದೆ, ಕೈಯಲ್ಲಿ ಕುಡುಗೋಲು ಇಲ್ಲದೆ ನಡೆದದ್ದು ಯಾವಾಗ ಹೇಳಿ?

ತಿಂಗಳಿಗೊಂದು ದಿನ ಹೊನ್ನಾಳಿಯ ತುಂಗಭದ್ರಾ ದಡದಲ್ಲಿ ಒಂದು ಗಂಟೆ ನಿಧಾನ ನಡೆಯೋಣ. ಮಂಡಿನೋವು ಇರುವವರು ಮುಂದೆ, ಉಳಿದವರು ಅವರ ಹಿಂದೆ. ಒಮ್ಮೆ ತುಂಗೆ-ಭದ್ರೆ ಸೇರುವ ಕೂಡಲಿಗೂ ಹೋಗೋಣ. ಶಕ್ತಿ ಯೋಜನೆಯಿಂದ 2023ರಿಂದ ಸರ್ಕಾರಿ ಬಸ್ಸು ನಮಗೆ ಉಚಿತ ತಾನೆ!

ಅಂದು ಸಾಲದ ಪುಸ್ತಕ ತರಬೇಡಿ. ಒಂದು ಸಂಘದಲ್ಲಿ ಕಂತು ಕಟ್ಟಲಾಗದ ತಾಯಿಯೊಬ್ಬರು ನಾಲ್ಕು ತಿಂಗಳು ಸಭೆಗೇ ಬರಲಿಲ್ಲ. ನಡಿಗೆಗೆ ಬಂದರು. ರೊಟ್ಟಿ, ಶೇಂಗಾ ಚಟ್ನಿ ಹಂಚಿ ಉಣ್ಣುವಾಗ ಮಗನ ಕಾಯಿಲೆ ವಿಷಯ ತಾವೇ ಹೇಳಿದರು. ಮುಂದಿನ ಸಭೆಯಲ್ಲಿ ಸಂಘದವರೇ ಅವರ ಕಂತು ಅರ್ಧ ಮಾಡಿದರು.

ಬುತ್ತಿಗೆ ವಿಶೇಷ ಅಡುಗೆ ಬೇಡ, ಮನೆಯಲ್ಲಿದ್ದದ್ದೇ ಸಾಕು. ಹೊಳೆಗೆ ಮಾತ್ರ ಯಾರೂ ಇಳಿಯಬೇಡಿ.