ಹೆಸರಿಗೆ ಹೆದರದೆ, ಅಳತೆ ಮೀರದೆ: ಮುಟ್ಟು ನಿಂತ ಮೇಲಿನ ಈಸ್ಟ್ರೋಜೆನ್ ಲೇಪನ



ಇಂದಿನ ದತ್ತಿ ಉಪನ್ಯಾಸದ ವಿಷಯವನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿಲ್ಲ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಬಿಸಿಯೇರುವುದು, ಬೆವರುವುದು, ನಿದ್ದೆಗೆಡುವುದು ಈಗ ಪತ್ರಿಕೆಗಳ ಪುರವಣಿಯವರೆಗೆ ಬಂದಿವೆ. ಯೋನಿ ಒಣಗುವುದು, ಕೆರೆತ, ಕೂಡುವಾಗ ನೋವು, ಮೇಲಿಂದ ಮೇಲೆ ಬರುವ ಉರಿಮೂತ್ರ ಇವು ಮಾತ್ರ ಲೇಡಿ ಡಾಕ್ಟರ ಪರದೆಯ ಹಿಂದೆಯೇ ಉಳಿದಿವೆ. ಎಷ್ಟೋ ಸಲ ಅಲ್ಲಿಗೂ ತಲುಪುವುದಿಲ್ಲ. ಮೈ ಬಿಸಿಯೇರುವುದು ಬಹುತೇಕರಿಗೆ ಕೆಲವು ವರ್ಷಗಳಲ್ಲಿ ತಾನಾಗಿ ತಗ್ಗುತ್ತದೆ. ಈ ತೊಂದರೆಗಳು ಹಾಗಲ್ಲ; ಬಿಟ್ಟರೆ ವಯಸ್ಸಿನ ಜೊತೆ ಹೆಚ್ಚುವುದೇ ಸಾಮಾನ್ಯ. ಇದಕ್ಕೆ ದಶಕಗಳಿಂದ ಇರುವ ಔಷಧ ಯೋನಿಯೊಳಗೆ ಇಡುವ ಈಸ್ಟ್ರೋಜೆನ್. ಅದರ ಹೆಸರು ಕಿವಿಗೆ ಬಿದ್ದರೆ ಕ್ಯಾನ್ಸರ್ ಎಂದು ಹಿಂಜರಿಯುವವರಿದ್ದಾರೆ. ಹಚ್ಚುವ ಮುಲಾಮು ತಾನೆ, ಏನಾದೀತು ಎಂದು ಕೈಗೆ ಬಂದಷ್ಟು ಬಳಸುವವರೂ ಇದ್ದಾರೆ. ಇಬ್ಬರೂ ಎಡವುವುದು ಒಂದೇ ಕಲ್ಲಿಗೆ ಎಂಬುದು ನನ್ನ ವಾದ. ಒಬ್ಬರು ಹೆಸರನ್ನು ನೋಡುತ್ತಾರೆ, ಇನ್ನೊಬ್ಬರು ರೂಪವನ್ನು ನೋಡುತ್ತಾರೆ. ಎಷ್ಟು, ಯಾವ ದಾರಿಯಲ್ಲಿ, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಇಬ್ಬರೂ ಕೇಳುವುದಿಲ್ಲ. ಈ ಔಷಧದ ಸುರಕ್ಷತೆ ಇರುವುದು ಆ ಮೂರು ಪ್ರಶ್ನೆಗಳ ಉತ್ತರದಲ್ಲಿ.

ಮೊದಲು ಒಳಗೆ ಏನಾಗುತ್ತದೆ ನೋಡೋಣ. ಅಂಡಾಶಯ ಈಸ್ಟ್ರೋಜೆನ್ ತಯಾರಿಸುತ್ತಿರುವಷ್ಟು ಕಾಲ ಯೋನಿಯ ಒಳಪದರ ದಪ್ಪಗಿರುತ್ತದೆ, ಅದರ ಜೀವಕೋಶಗಳಲ್ಲಿ ಗ್ಲೈಕೋಜೆನ್ ಎಂಬ ಸಕ್ಕರೆಯ ಸಂಗ್ರಹವಿರುತ್ತದೆ. ಆ ಸಕ್ಕರೆಯನ್ನೇ ನಂಬಿಕೊಂಡು ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳು ಅಲ್ಲಿ ನೆಲೆಸಿ ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುತ್ತವೆ. ಈ ಹುಳಿ ವಾತಾವರಣದಲ್ಲಿ ಕರುಳಿನಿಂದ ಬರುವ ಇ. ಕೋಲಿಯಂಥ ರೋಗಾಣುಗಳಿಗೆ ನೆಲೆಯೂರುವುದು ಕಷ್ಟ. ಈಸ್ಟ್ರೋಜೆನ್ ಇಳಿದಾಗ ಪದರ ತೆಳುವಾಗುತ್ತದೆ, ಸಕ್ಕರೆ ಕಡಿಮೆಯಾಗುತ್ತದೆ, ರಕ್ಷಕ ಬ್ಯಾಕ್ಟೀರಿಯಾಗಳು ಕರಗುತ್ತವೆ, ಹುಳಿ ಹೋಗುತ್ತದೆ. ಮೂತ್ರನಾಳದ ಬಾಯಿ ಅಲ್ಲೇ ಪಕ್ಕದಲ್ಲಿದೆ. ಅದರ ಒಳಪದರವೂ ಇದೇ ಹಾರ್ಮೋನಿಗೆ ಸ್ಪಂದಿಸುವಂಥದು. ಹಾಗಾಗಿ ಒಣಗುವಿಕೆ ಮತ್ತು ಉರಿಮೂತ್ರ ಎರಡು ಬೇರೆ ಕಾಯಿಲೆಗಳಂತೆ ಕಂಡರೂ ಬೇರು ಒಂದೇ. 2014ರಲ್ಲಿ ವೈದ್ಯಕೀಯ ಸಂಘಟನೆಗಳು ಇವೆರಡನ್ನೂ ಸೇರಿಸಿ ಒಂದೇ ಲಕ್ಷಣಕೂಟವೆಂದು ಹೆಸರಿಸಿದ್ದು ಇದೇ ಕಾರಣಕ್ಕೆ.

ಇದು ಬರಿಯ ಊಹೆಯಲ್ಲ ಎನ್ನಲು 1993ರಲ್ಲಿ ಪ್ರಕಟವಾದ ರಾಜ್ ಮತ್ತು ಸ್ಟ್ಯಾಮ್ ಅವರ ಅಧ್ಯಯನವಿದೆ. ಮುಟ್ಟು ನಿಂತು, ಪದೇ ಪದೇ ಮೂತ್ರದ ಸೋಂಕಿಗೆ ಒಳಗಾಗುತ್ತಿದ್ದ 93 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಸ್ಟ್ರಿಯಾಲ್ ಎಂಬ ಬಗೆಯ ಈಸ್ಟ್ರೋಜೆನ್ ಅರ್ಧ ಮಿಲಿಗ್ರಾಂ ಇರುವ ಕ್ರೀಮನ್ನು ಎರಡು ವಾರ ಪ್ರತಿ ರಾತ್ರಿ, ಆಮೇಲೆ ವಾರಕ್ಕೆ ಎರಡು ರಾತ್ರಿ ಕೊಟ್ಟರು. ಇನ್ನೊಂದು ಗುಂಪಿಗೆ ಔಷಧವಿಲ್ಲದ ಕ್ರೀಮು. ಔಷಧ ಪಡೆದವರಲ್ಲಿ ವರ್ಷಕ್ಕೆ ಸರಾಸರಿ 0.5 ಸಲ ಸೋಂಕು ಬಂತು, ಪಡೆಯದವರಲ್ಲಿ 5.9 ಸಲ. ಯೋನಿಯ ಪಿಎಚ್ 5.5ರಿಂದ 3.8ಕ್ಕೆ ಇಳಿಯಿತು, ಅಂದರೆ ಹೋದ ಹುಳಿ ಮರಳಿತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ನುಂಗುವ ಈಸ್ಟ್ರೋಜೆನ್ ಮಾತ್ರೆ ಈ ಕೆಲಸ ಮಾಡುವುದಿಲ್ಲ. 2008ರ ಕಾಕ್ರೇನ್ ವಿಮರ್ಶೆ ಲಭ್ಯ ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದಾಗ, ಬಾಯಿಂದ ಕೊಟ್ಟ ಹಾರ್ಮೋನಿನಿಂದ ಮೂತ್ರದ ಸೋಂಕು ಕಡಿಮೆಯಾಗಿರಲಿಲ್ಲ; ಯೋನಿಯಲ್ಲಿ ಇಟ್ಟದ್ದರಿಂದ ಆಗಿತ್ತು. ಅದೇ ಹಾರ್ಮೋನು, ದಾರಿ ಬೇರೆ, ಫಲವೂ ಬೇರೆ. ಫಲ ಬೇರೆಯಾಗುವುದಾದರೆ ಅಪಾಯವೂ ಬೇರೆಯಾಗಬೇಕಲ್ಲವೆ? ಅಸ್ತಮಾದವರು ಸೇದುವ ಸ್ಟೀರಾಯ್ಡಿಗೂ ನುಂಗುವ ಸ್ಟೀರಾಯ್ಡಿಗೂ ಇರುವ ಅಂತರವನ್ನು ನಮ್ಮ ಜನ ಈಗ ಅರಿತಿದ್ದಾರೆ. ಇಲ್ಲಿಯೂ ಲೆಕ್ಕ ಅದೇ.

ಹಾಗಿದ್ದರೆ ಕ್ಯಾನ್ಸರಿನ ಭಯ ಎಲ್ಲಿಂದ ಬಂತು? ಅದರ ಮೂಲ 2002ರ ಜುಲೈನಲ್ಲಿದೆ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಪ್ರಯೋಗದಲ್ಲಿ, ಗರ್ಭಕೋಶವಿದ್ದ 16,608 ಹೆಂಗಸರ ಪೈಕಿ ಒಂದು ಗುಂಪಿಗೆ ದಿನವೂ 0.625 ಮಿಲಿಗ್ರಾಂ ಈಸ್ಟ್ರೋಜೆನ್ನನ್ನು ಇನ್ನೊಂದು ಹಾರ್ಮೋನಿನ ಜೊತೆ ನುಂಗಲು ಕೊಟ್ಟಿದ್ದರು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ ಹೆಚ್ಚಾದದ್ದು ಕಂಡು ಪ್ರಯೋಗವನ್ನು ನಡುವೆಯೇ ನಿಲ್ಲಿಸಲಾಯಿತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2003ರಲ್ಲಿ ಈಸ್ಟ್ರೋಜೆನ್ ಇರುವ ಎಲ್ಲ ಔಷಧಗಳಿಗೂ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಯೋನಿಯಲ್ಲಿ ಇಡುವ ಅತ್ಯಲ್ಪ ಪ್ರಮಾಣದ ಮಾತ್ರೆಯ ಮೇಲೂ ಅದೇ ಚೌಕಟ್ಟು, ಅದೇ ಮಾತುಗಳು. ಪ್ರಯೋಗದಲ್ಲಿ ಯಾರೂ ಬಳಸದಿದ್ದ ಔಷಧಕ್ಕೆ ಪ್ರಯೋಗದ ತೀರ್ಪು ಅಂಟಿಕೊಂಡದ್ದು ಹೀಗೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ, 2025ರ ನವೆಂಬರಿನಲ್ಲಿ ಅದೇ ಸಂಸ್ಥೆ ಹೃದ್ರೋಗ, ಸ್ತನ ಕ್ಯಾನ್ಸರ್ ಮತ್ತು ಮರೆಗುಳಿತನದ ಕುರಿತ ಚೌಕಟ್ಟಿನ ಎಚ್ಚರಿಕೆಗಳನ್ನು ತೆಗೆಸುವುದಾಗಿ ಪ್ರಕಟಿಸಿತು.

ಪ್ರಮಾಣವನ್ನು ಒಮ್ಮೆ ಕೂಡಿಸಿ ನೋಡಿದರೆ ವಿಷಯ ತಾನಾಗಿ ತಿಳಿಯಾಗುತ್ತದೆ. ಎಸ್ಟ್ರಡಿಯಾಲ್ ಈಸ್ಟ್ರೋಜೆನ್ನಿನ ಇನ್ನೊಂದು ಬಗೆ; ಯೋನಿಯಲ್ಲಿ ಇಡುವ ಅದರ ಮಾತ್ರೆಯಲ್ಲಿ ಇರುವುದು 10 ಮೈಕ್ರೋಗ್ರಾಂ. ಮೊದಲ ಎರಡು ವಾರ ದಿನಕ್ಕೊಂದು, ಆಮೇಲೆ ವಾರಕ್ಕೆ ಎರಡು. ವರ್ಷಕ್ಕೆ 14 ಮತ್ತು 100, ಒಟ್ಟು 114 ಮಾತ್ರೆ, ಅಂದರೆ 1.14 ಮಿಲಿಗ್ರಾಂ. ನುಂಗುವ ಎಸ್ಟ್ರಡಿಯಾಲಿನ ಸಾಮಾನ್ಯ ಮಾತ್ರೆ ದಿನಕ್ಕೆ 1 ಮಿಲಿಗ್ರಾಂ. ಒಂದು ವರ್ಷ ಯೋನಿಯಲ್ಲಿ ಇಟ್ಟದ್ದು, ಒಂದು ದಿನ ನುಂಗಿದ್ದಕ್ಕಿಂತ ತುಸುವೇ ಹೆಚ್ಚು. ಪದರ ತೆಳುವಾಗಿರುವ ಮೊದಲ ದಿನಗಳಲ್ಲಿ ರಕ್ತಕ್ಕೆ ಸ್ವಲ್ಪ ಹೆಚ್ಚು ಇಳಿಯುತ್ತದೆ. ಪದರ ದಪ್ಪಗಾದಂತೆ ಅದೂ ತಗ್ಗಿ, ರಕ್ತದ ಮಟ್ಟ ಮುಟ್ಟು ನಿಂತವರಲ್ಲಿ ಸಹಜವಾಗಿ ಇರುವ ಮಿತಿಯೊಳಗೇ ಉಳಿಯುತ್ತದೆ. ಅದೇ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್‌ನ ಇನ್ನೊಂದು ಭಾಗದಲ್ಲಿ, ಪ್ರಯೋಗಕ್ಕೆ ಒಳಪಡಿಸದೆ ಕೇವಲ ಗಮನಿಸುತ್ತ ಬಂದ 45,663 ಹೆಂಗಸರ ಮಾಹಿತಿಯನ್ನು 2018ರಲ್ಲಿ ಪ್ರಕಟಿಸಿದರು. ಯೋನಿಯ ಈಸ್ಟ್ರೋಜೆನ್ ಬಳಸಿದವರಲ್ಲಿ ಸ್ತನ ಕ್ಯಾನ್ಸರ್, ಗರ್ಭಕೋಶದ ಒಳಪದರದ ಕ್ಯಾನ್ಸರ್, ಪಾರ್ಶ್ವವಾಯು ಯಾವುದೂ ಹೆಚ್ಚಿರಲಿಲ್ಲ. ಭಯ ಹುಟ್ಟಿದ ಮನೆಯಲ್ಲೇ ಅದಕ್ಕೆ ಉತ್ತರವೂ ಸಿಕ್ಕಿತು. ಭಯ ಮುಟ್ಟಿದಷ್ಟು ದೂರ ಉತ್ತರ ಮುಟ್ಟಲಿಲ್ಲ ಅಷ್ಟೆ.

ಇಷ್ಟು ಹೇಳಿ ನಿಲ್ಲಿಸಿದರೆ ಎರಡನೆಯ ಬಗೆಯ ತಪ್ಪಿಗೆ ನಾನೇ ದಾರಿ ಮಾಡಿಕೊಟ್ಟಂತೆ. ಯೋನಿಯಲ್ಲಿ ಇಟ್ಟ ಮಾತ್ರಕ್ಕೆ ಈಸ್ಟ್ರೋಜೆನ್ ಸಾಧುವಾಗಿಬಿಡುವುದಿಲ್ಲ. ಯುರೋಪಿನಲ್ಲಿ ಒಂದು ಗ್ರಾಂಗೆ 100 ಮೈಕ್ರೋಗ್ರಾಂ ಎಸ್ಟ್ರಡಿಯಾಲ್ ಇರುವ ಕ್ರೀಮುಗಳು ಬಳಕೆಯಲ್ಲಿದ್ದವು. ಅವುಗಳಿಂದ ಹಾರ್ಮೋನು ಗಣನೀಯವಾಗಿ ರಕ್ತಕ್ಕೆ ಸೇರುತ್ತದೆ ಎಂಬ ಕಾರಣಕ್ಕೆ ಅಲ್ಲಿನ ಔಷಧ ಸಂಸ್ಥೆ 2020ರಲ್ಲಿ ಅವನ್ನು ಒಂದೇ ಸರದಿಗೆ, ಹೆಚ್ಚೆಂದರೆ ನಾಲ್ಕು ವಾರಕ್ಕೆ ಮಿತಿಗೊಳಿಸಿತು. ಡೆನ್ಮಾರ್ಕಿನ ಒಂದು ರಾಷ್ಟ್ರವ್ಯಾಪಿ ಅಧ್ಯಯನದಲ್ಲಿ ಯೋನಿಯ ಈಸ್ಟ್ರೋಜೆನ್ ಬಳಸಿದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚಿಗೆ ಕಂಡದ್ದನ್ನೂ ಮುಚ್ಚಿಡಬಾರದು. ಅಮೆರಿಕದ ಮಾಹಿತಿಗೂ ಇದಕ್ಕೂ ತಾಳೆಯಿಲ್ಲ. ಹಳೆಯ ಮಾತ್ರೆಗಳಲ್ಲಿ 25 ಮೈಕ್ರೋಗ್ರಾಂ ಇರುತ್ತಿತ್ತು ಎಂಬುದು ಇದಕ್ಕೆ ಒಂದು ವಿವರಣೆ ಇರಬಹುದು. ಅದು ನನ್ನ ಊಹೆಯೇ ಹೊರತು ಸಾಬೀತಲ್ಲ. ಸಾಬೀತಾಗುವವರೆಗೆ ಎಚ್ಚರದ ದಾರಿ ಎಂದರೆ ಅತಿ ಕಡಿಮೆ ಪ್ರಮಾಣ, ಮತ್ತು ರಕ್ತ ಕಂಡರೆ ಕೂಡಲೇ ತಪಾಸಣೆ. ಕಡಿಮೆ ಪ್ರಮಾಣದಲ್ಲಿ ಬಳಸುವವರಿಗೆ ಗರ್ಭಕೋಶದ ರಕ್ಷಣೆಗೆಂದು ಇನ್ನೊಂದು ಹಾರ್ಮೋನು ಬೇಕಿಲ್ಲ ಎಂಬುದು ಈಗಿನ ಮಾರ್ಗಸೂಚಿಗಳ ಅಭಿಪ್ರಾಯ. ಆದರೆ ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನು ಕ್ರೀಮಿನ ಮೇಲೆ ಹಾಕಿ ಸುಮ್ಮನಿರಕೂಡದು. ಸ್ಕ್ಯಾನಿಂಗ್ ಮಾಡಿಸಿ ಒಳಪದರದ ದಪ್ಪ ನೋಡಬೇಕು, ಬೇಕಾದರೆ ಚೂರು ತೆಗೆದು ಪರೀಕ್ಷಿಸಬೇಕು. ಕಾರಣ ತಿಳಿಯದ ರಕ್ತಸ್ರಾವ ಇರುವಾಗ ಈ ಔಷಧವನ್ನು ಶುರುಮಾಡಲೂಬಾರದು.

ನಮ್ಮಲ್ಲಿ ಸಾಮಾನ್ಯವಾಗಿ ಬರೆದುಕೊಡುವುದು ಗ್ರಾಂಗೆ 1 ಮಿಲಿಗ್ರಾಂ ಎಸ್ಟ್ರಿಯಾಲ್ ಇರುವ ಕ್ರೀಮು. ಎಸ್ಟ್ರಿಯಾಲ್ ಎಸ್ಟ್ರಡಿಯಾಲಿಗಿಂತ ದುರ್ಬಲವಾದ ಹಾರ್ಮೋನು, ಹಾಗಾಗಿ ಈ ಅಂಕಿಯನ್ನು ಮೇಲಿನ ಅಂಕಿಗಳ ಪಕ್ಕ ಇಟ್ಟು ಹೋಲಿಸುವಂತಿಲ್ಲ. ಒಂದು ಸಲಕ್ಕೆ ಬೇಕಾದದ್ದು ಅರ್ಧ ಗ್ರಾಂ. ಅದರಲ್ಲಿ ಇರುವುದು ಅರ್ಧ ಮಿಲಿಗ್ರಾಂ ಎಸ್ಟ್ರಿಯಾಲ್; 1993ರ ಪ್ರಯೋಗದಲ್ಲಿ ಕೊಟ್ಟದ್ದೂ ಅಷ್ಟೇ. 15 ಗ್ರಾಂನ ಟ್ಯೂಬಾದರೆ ಮೂವತ್ತು ಸಲಕ್ಕೆ ಬರುತ್ತದೆ: ಮೊದಲ ಎರಡು ವಾರಕ್ಕೆ ಹದಿನಾಲ್ಕು ಹೋದರೆ ಉಳಿದ ಹದಿನಾರು ಇನ್ನೂ ಎಂಟು ವಾರಕ್ಕೆ. ಹತ್ತು ವಾರ ಬರಬೇಕಾದ ಟ್ಯೂಬು ಹದಿನೈದು ದಿನಕ್ಕೆ ಖಾಲಿಯಾಯಿತೆಂದರೆ ಅಳತೆ ತಪ್ಪಿದೆ ಎಂದೇ ಅರ್ಥ. ಕೊಳವೆಯ ಮೇಲಿನ ಗೆರೆ ನೋಡಿ ತುಂಬಿ, ರಾತ್ರಿ ಮಲಗುವ ಮುಂಚೆ ಒಳಗೆ ಇಟ್ಟುಕೊಳ್ಳುವುದು ಸರಿಯಾದ ಕ್ರಮ. ಇದನ್ನು ಕೂಡುವ ಮುಂಚೆ ಜಾರಿಕೆಗೆಂದು ಹಚ್ಚಿಕೊಳ್ಳಬಾರದು. ಗಂಡನ ಮೈಗೂ ಹಾರ್ಮೋನು ಸೇರುತ್ತದೆ, ಕ್ರೀಮಿನ ಎಣ್ಣೆಯಂಶ ರಬ್ಬರಿನ ಕಾಂಡೋಮನ್ನು ದುರ್ಬಲಗೊಳಿಸಬಹುದು. ಗುಣ ಕಾಣಲು ಕೆಲವು ವಾರ ಬೇಕು, ಪೂರ್ತಿ ಫಲಕ್ಕೆ ಸುಮಾರು ಮೂರು ತಿಂಗಳು. ನಿಲ್ಲಿಸಿದರೆ ತೊಂದರೆ ಮರಳುತ್ತದೆ. ಈ ಪ್ರಮಾಣದಿಂದ ಮೈ ಬಿಸಿಯೇರುವುದು ನಿಲ್ಲುವುದಿಲ್ಲ, ಮೂಳೆ ಗಟ್ಟಿಯಾಗುವುದಿಲ್ಲ. ಮುಟ್ಟು ಏರುಪೇರಾಗಿರುವ, ಇನ್ನೂ ನಿಂತಿಲ್ಲದ ವಯಸ್ಸಿನವರಿಗೆ ಇದು ಗರ್ಭನಿರೋಧಕವೂ ಅಲ್ಲ.

ಸ್ತನ ಕ್ಯಾನ್ಸರ್ ಬಂದು ಹೋದವರ ಪ್ರಶ್ನೆ ಬೇರೆ, ಅಲ್ಲಿ ಅವಸರ ಸಲ್ಲದು. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನ 49,237 ರೋಗಿಗಳ ಮಾಹಿತಿಯಲ್ಲಿ ಯೋನಿಯ ಈಸ್ಟ್ರೋಜೆನ್ ಬಳಸಿದವರ ಪೈಕಿ ಆ ಕ್ಯಾನ್ಸರಿನಿಂದ ಸತ್ತವರು ಹೆಚ್ಚಿರಲಿಲ್ಲ. 2022ರ ಡೆನ್ಮಾರ್ಕಿನ ಅಧ್ಯಯನದಲ್ಲಿಯೂ ಒಟ್ಟಾರೆ ಮರುಕಳಿಕೆ ಹೆಚ್ಚಿರಲಿಲ್ಲ. ಆದರೆ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಬಗೆಯ ಮಾತ್ರೆ ನುಂಗುತ್ತಿದ್ದವರಲ್ಲಿ ಮರುಕಳಿಕೆ ಹೆಚ್ಚು ಕಂಡಿತು. ಆ ಮಾತ್ರೆಗಳ ಕೆಲಸವೇ ಮೈಯ ಈಸ್ಟ್ರೋಜೆನ್ನನ್ನು ಇಲ್ಲವೆನ್ನುವಷ್ಟು ಇಳಿಸುವುದು. ಅಂಥವರಿಗೆ ಅತ್ಯಲ್ಪವೂ ಅಲ್ಪವಲ್ಲ. ಸ್ತನ ಕ್ಯಾನ್ಸರ್ ಬಂದು ಹೋದವರೆಲ್ಲ ಮೊದಲು ಹಾರ್ಮೋನಿಲ್ಲದ ಉಪಾಯ ನೋಡಬೇಕು, ಆಗದಿದ್ದರೆ ಕ್ಯಾನ್ಸರ್ ತಜ್ಞರನ್ನು ಕೂರಿಸಿಕೊಂಡೇ ತೀರ್ಮಾನ ಮಾಡಬೇಕು.

ಹಾರ್ಮೋನಿಲ್ಲದ ಜೆಲ್ಲೇ ಎಲ್ಲರಿಗೂ ಸಾಕಲ್ಲವೆ ಎಂಬುದು ತೂಕವುಳ್ಳ ಆಕ್ಷೇಪ. 302 ಹೆಂಗಸರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ 12 ವಾರಗಳ ಪ್ರಯೋಗದಲ್ಲಿ 10 ಮೈಕ್ರೋಗ್ರಾಂ ಮಾತ್ರೆ, ತೇವ ಹಿಡಿಯುವ ಜೆಲ್, ಏನೂ ಔಷಧವಿಲ್ಲದ ಜೆಲ್ ಮೂರೂ ಹೆಚ್ಚುಕಡಿಮೆ ಒಂದೇ ಬಗೆಯ ಸಮಾಧಾನ ಕೊಟ್ಟವು. ಇದನ್ನು ಒಪ್ಪುತ್ತೇನೆ: ಬರಿಯ ಒಣಗುವಿಕೆ, ಅದೂ ಸೌಮ್ಯವಾಗಿದ್ದರೆ, ಜೆಲ್ಲಿನಿಂದಲೇ ಶುರುಮಾಡುವುದು ನ್ಯಾಯ. ಆದರೆ ಜೆಲ್ಲು ತೇವ ಕೊಟ್ಟೀತು, ತೆಳುವಾದ ಪದರವನ್ನು ಮತ್ತೆ ಬೆಳೆಸಲಾರದು. ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಮೂತ್ರದ ಸೋಂಕು ಬರುವವರಿಗೆ ಯೋನಿಯ ಈಸ್ಟ್ರೋಜೆನ್ ಕೊಡಿ ಎಂದು ಅಮೆರಿಕದ ಮೂತ್ರರೋಗ ತಜ್ಞರ ಸಂಘ 2019ರಿಂದ ಹೇಳುತ್ತಿದೆ. ನಗರಗಳಲ್ಲಿ ಜಾಹೀರಾತು ಹಾಕಿಸಿಕೊಳ್ಳುವ ಲೇಸರ್ ಚಿಕಿತ್ಸೆಯ ಬಗ್ಗೆ ಒಂದೇ ಮಾತು: 2021ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ನಿಜವಾದ ಲೇಸರಿಗೂ ತೋರಿಕೆಯ ಲೇಸರಿಗೂ ವರ್ಷದ ಕೊನೆಗೆ ವ್ಯತ್ಯಾಸ ಕಾಣಲಿಲ್ಲ. ದುಡ್ಡು ಉಳಿಸಿಕೊಳ್ಳಿ.

ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ, ಯಾಕೆ ಔಷಧ ಎನ್ನುವ ಮಾತು ನಮ್ಮ ಮನೆಗಳಲ್ಲಿ ಹಿರಿಯರ ಬಾಯಲ್ಲೇ ಬರುತ್ತದೆ. ಕಣ್ಣಿನ ಪೊರೆಯೂ ವಯಸ್ಸಿನದೇ, ಅದನ್ನು ತೆಗೆಸಿಕೊಳ್ಳುತ್ತೇವಲ್ಲ. ಪ್ರತಿ ಸಲದ ಉರಿಮೂತ್ರಕ್ಕೂ ಮೆಡಿಕಲ್ ಸ್ಟೋರಿನಿಂದ ಆಂಟಿಬಯಾಟಿಕ್ ತಂದು ನುಂಗುವುದೇ ಇಲ್ಲಿ ಔಷಧವಿಲ್ಲದ ದಾರಿಯಾಗಿಬಿಟ್ಟಿದೆ. ರೋಗಾಣುಗಳು ಮದ್ದಿಗೆ ಬಗ್ಗದಂತಾಗುವುದಕ್ಕೆ ಇದೂ ಒಂದು ಕಾರಣ. ವಯಸ್ಸಿನ ಮಾತಿಗೇ ಬಂದರೆ, ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46-47ರಲ್ಲಿ, ಪಶ್ಚಿಮದವರಿಗಿಂತ ನಾಲ್ಕೈದು ವರ್ಷ ಮೊದಲು. ಗರ್ಭಕೋಶ ತೆಗೆಸಿಕೊಂಡವರಿಗೆ ಈಸ್ಟ್ರೋಜೆನ್ ಇಳಿಯುವುದು ಇನ್ನೂ ಬೇಗ, ಅಂಡಾಶಯವನ್ನೂ ತೆಗೆದಿದ್ದರೆ ಅದೇ ದಿನ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದದ್ದು ಬಯಲಾಗಿ ತನಿಖೆಗಳು ನಡೆದವು. ಸುಪ್ರೀಂ ಕೋರ್ಟು ಇಂಥ ಶಸ್ತ್ರಚಿಕಿತ್ಸೆಗಳ ಮೇಲೆ ನಿಗಾ ಇಡಲು 2023ರಲ್ಲಿ ರಾಜ್ಯಗಳಿಗೆ ಸೂಚಿಸಿತು. ಮೂವತ್ತರ ಹರೆಯದಲ್ಲೇ ಒಣಗುವಿಕೆ, ಉರಿಮೂತ್ರ ಶುರುವಾದವರಿಗೆ ‘ವಯಸ್ಸಾಯಿತು’ ಎನ್ನುವುದು ಉತ್ತರವೇ ಅಲ್ಲ.

ಇಲ್ಲಿ ಬಂದಿರುವ ವೈದ್ಯರಲ್ಲಿ ಒಂದು ಬಿನ್ನಹವಿದೆ. ಈ ಕ್ರೀಮು ಬರೆದುಕೊಡುವಾಗ ಚೀಟಿಯಲ್ಲಿ ಮೂರು ಸಾಲು ಕನ್ನಡದಲ್ಲಿ ಬರೆಯಿರಿ: ಒಂದು ಸಲಕ್ಕೆ ಅರ್ಧ ಗ್ರಾಂ; ಎರಡು ವಾರ ದಿನವೂ, ಆಮೇಲೆ ವಾರಕ್ಕೆ ಎರಡೇ ರಾತ್ರಿ; ರಕ್ತ ಕಂಡರೆ ನಿಲ್ಲಿಸಿ ತಕ್ಷಣ ಬನ್ನಿ. ಆ ಮೂರು ಸಾಲು ಇಲ್ಲದ ಚೀಟಿಯನ್ನು ತೆಗೆದುಕೊಂಡು ಏಳಬೇಡಿ ಎಂದು ತಾಯಂದಿರಲ್ಲಿಯೂ ಕೇಳಿಕೊಳ್ಳುತ್ತೇನೆ.